ಡಿಕ್ಕಿ ಇರೋ ಕಾರು

ಅಪ್ಪ ಟ್ಯಾಕ್ಸಿ ಓಡಿಸೋದು ಸೆಡಾನ್‌ನಲ್ಲಿ. ಹಿಂದೆ ಉದ್ದದ ಡಿಕ್ಕಿ ಇದ್ರೇನೇ ಅದು ಕಾರು ಅಂತಾರೆ. ನಾನು ಮೆಕ್ಯಾನಿಕಲ್ ಸೇರಿದ್ದೂ ಅಂಥದ್ದೊಂದು ಕಾರು ಡಿಸೈನ್ ಮಾಡೋ ಆಸೆಯಿಂದ.

ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಲ್ಲಿ ಡ್ರ್ಯಾಗ್ ಸೂತ್ರ ಕಲಿತಾಗ ಅಪ್ಪನೇ ಸರಿ ಅನ್ನಿಸ್ತು. ಗಾಳಿಗೆ ಒಡ್ಡೋ ಮೈ ಕಡಿಮೆ ಇದ್ದಷ್ಟೂ ಇಂಧನ ಉಳಿಯುತ್ತೆ. ತಗ್ಗಿನ ಕಾರು ಗೆಲ್ಲಬೇಕಿತ್ತು.

ಅಮೆರಿಕದಲ್ಲಿ ಗೆಲ್ಲಲಿಲ್ಲ. 1975ರ ಕಾಯ್ದೆಯಿಂದ ಬಂದ ಮೈಲೇಜ್ ನಿಯಮ ಕಾರಿಗೊಂದು, ಲೈಟ್ ಟ್ರಕ್‌ಗೊಂದು. 1996ರಿಂದ 2004ರವರೆಗೆ ಕಾರುಗಳು ಸರಾಸರಿ ಗ್ಯಾಲನ್‌ಗೆ 27.5 ಮೈಲಿ ಕೊಡಬೇಕಿತ್ತು, ಟ್ರಕ್‌ಗಳಿಗೆ 20.7 ಸಾಕಿತ್ತು. ಎಷ್ಟೋ ಎಸ್‌ಯುವಿಗಳು ಟ್ರಕ್ ಲೆಕ್ಕಕ್ಕೇ ಸೇರಿದವು. ಲಾಭವೂ ಅದರಲ್ಲೇ ಜಾಸ್ತಿ, ಎತ್ತರದ ಸೀಟು ಜನಕ್ಕೂ ಹಿಡಿಸ್ತು. 2018ರ ಏಪ್ರಿಲ್‌ನಲ್ಲಿ ಫೋರ್ಡ್ ಕಂಪನಿ ಉತ್ತರ ಅಮೆರಿಕದಲ್ಲಿ ಸೆಡಾನ್‌ಗಳನ್ನು ಕೈಬಿಡುವುದಾಗಿ ಹೇಳಿತು. 2019ರ ಮಾರ್ಚ್‌ನಲ್ಲಿ ಓಹಾಯೋದ ಲಾರ್ಡ್ಸ್‌ಟೌನ್ ಕಾರ್ಖಾನೆಯಿಂದ ಜನರಲ್ ಮೋಟರ್ಸ್‌ನ ಕೊನೆಯ ಕ್ರೂಜ್ ಹೊರಬಂತು. 1966ರಿಂದ ನಡೆದಿದ್ದ ಕಾರ್ಖಾನೆ ಅದು.

ರಜೆಯಲ್ಲಿ ಅಪ್ಪನಿಗೆ ಇದನ್ನ ಹೇಳಿದೆ.

"ಕಾರಲ್ಲಿ ಏನು ದೋಷ ಇತ್ತು?"

"ದೋಷ ಅಂತಲ್ಲಪ್ಪ, ಕೊಳ್ಳೋರು ಕಡಿಮೆ ಆದ್ರು."

ಅಪ್ಪ ಸ್ವಲ್ಪ ಹೊತ್ತು ಗಾಜು ಒರೆಸ್ತಾ ಇದ್ದರು. "ನನಗೂ ಈಗ ಫೋನ್ ಮಾಡೋರು ದೊಡ್ಡ ಗಾಡಿ ಇದ್ಯಾ ಅಂತಲೇ ಕೇಳ್ತಾರೆ. ಈ ಕಾರಿನ ಸಾಲ ಇನ್ನೂ ಎರಡು ವರ್ಷ ಇದೆ."

ಸೂತ್ರದಲ್ಲಿ ಸಾಲಕ್ಕೆ ಅಕ್ಷರ ಇರಲಿಲ್ಲ. ಈ ಸೆಮಿಸ್ಟರ್ ಓಪನ್ ಎಲೆಕ್ಟಿವ್‌ಗೆ ಅರ್ಥಶಾಸ್ತ್ರ ತಗೊಂಡಿದ್ದೀನಿ. ಸೆಡಾನ್ ಆಸೆ ಮಾತ್ರ ಬಿಟ್ಟಿಲ್ಲ.