ಜವಾರಿಯ ಮುಂದೆ ಮೂರು ಕಾಲು

ಮೀರಜಿನ ತಂಬೂರಿಯನ್ನು ದೂರದಿಂದ ಚಿತ್ರಿಸುವುದು ಸುಲಭ. ದೊಡ್ಡ ಬುರುಡೆ, ಉದ್ದನೆಯ ದಂಡಿ, ನಾಲ್ಕು ತಂತಿ. ಯಾವ ಕ್ಯಾಮರಾ ಆದರೂ ನಡೆದೀತು. ಆದರೆ ಆ ವಾದ್ಯದ ಜೀವವಿರುವುದು ತಂತಿಗಳನ್ನು ಹೊತ್ತ ಕುದುರೆಯ ಮೇಲೆ. ಅದರ ಮೇಲ್ಮೈ ಕಣ್ಣಿಗೆ ಕಂಡೂ ಕಾಣದಷ್ಟು ಬಾಗಿರುತ್ತದೆ. ತಂತಿಯ ಕೆಳಗೆ ನೂಲಿನ ಎಳೆಯೊಂದನ್ನು ಸರಿಸುತ್ತ ತಕ್ಕ ಠಾವಿಗೆ ತಂದಾಗ ಝೇಂಕಾರ ಏಳುತ್ತದೆ. ಇದೇ ಜವಾರಿ. ಈ ಕುದುರೆಯ ರಚನೆಗೂ ಉಪಸ್ವರಗಳ ಸಮೃದ್ಧಿಗೂ ಇರುವ ನಂಟನ್ನು ಸಿ. ವಿ. ರಾಮನ್ನರು 1921ರಲ್ಲಿಯೇ ಪ್ರಬಂಧವೊಂದರಲ್ಲಿ ವಿವರಿಸಿದ್ದರು.

ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಮೀರಜಿನಲ್ಲಿ ಈ ಕಸಬನ್ನು ಬೆಳೆಸಿದರು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರೂ ಇದೇ. ಆದುದರಿಂದ ಗಡಿಯ ಕನ್ನಡಿಗರಾದ ನಮಗೆ ಮೀರಜು ಪರಸ್ಥಳವಲ್ಲ. ಇಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸಂತೋಷವೇ, ಆದರೆ ಮಾನ್ಯತೆಯ ಪತ್ರವು ಮುಪ್ಪಾದ ಕೈಗಳಿಗೆ ಬಲ ತಾರದು. ನಮಗೆ ಪರಿಚಿತರಾದ ಕುಶಲಕರ್ಮಿಯೊಬ್ಬರು, ಎಪ್ಪತ್ತು ದಾಟಿದ ಚಾಚಾ, ಒಂದು ದಿನ ಹೇಳಿದರು: “ಗುರುಜಿ, ಹುಡುಗರು ಪುಣೆ ಹಿಡಿದರು. ನನ್ನ ಕಣ್ಣು ಮಂಜಾಗುವುದರೊಳಗೆ ಇದನ್ನು ಚಿತ್ರದಲ್ಲಿ ಹಿಡಿದಿಡಿರಿ.” ಅಂದಿನಿಂದ ನಾವು ಟ್ರೈಪಾಡಿನ ವಿಚಾರಕ್ಕೆ ತೊಡಗಿದೆವು.

ವಸ್ತುವಿನಷ್ಟೇ ಅಳತೆಯ ಬಿಂಬವು ಕ್ಯಾಮರಾದೊಳಗೆ ಮೂಡುವಷ್ಟು ಸಮೀಪ ಹೋದರೆ, ದ್ಯುತಿರಂಧ್ರವನ್ನು ಹನ್ನೊಂದಕ್ಕೆ ಇಳಿಸಿದರೂ ಸ್ಪಷ್ಟವಾಗಿ ಕಾಣುವ ಆಳ ಒಂದೂವರೆ ಮಿಲಿಮೀಟರೂ ಇಲ್ಲ. ಅಷ್ಟು ಸನಿಹದಲ್ಲಿ ಬೆಳಕೂ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುವುದರಿಂದ ಶಟರು ಹೆಚ್ಚು ಹೊತ್ತು ತೆರೆದಿರಬೇಕು. ಬಿಂಬದೊಡನೆ ನಡುಕವೂ ಹಿಗ್ಗುತ್ತದೆ. ಉಸಿರು ಬಿಗಿಹಿಡಿದ ಮಾತ್ರಕ್ಕೆ ಈ ಕೆಲಸ ಸಾಧ್ಯವಾಗದು.

ಶಾಲೆಯಲ್ಲಿದ್ದ ಹಗುರಾದ ಸ್ಟ್ಯಾಂಡು ಮಕ್ಕಳ ಗುಂಪು ಚಿತ್ರಕ್ಕೆ ಸಾಕಾಗಿತ್ತು. ಚಾಚಾ ಕುಳಿತುಕೊಳ್ಳುವುದಾದರೋ ನೆಲದ ಮೇಲೆ. ಆದುದರಿಂದ ಒಂದೊಂದು ಕಾಲೂ ಬೇರೆ ಬೇರೆಯಾಗಿ ಅಗಲಿಸಿ ನೆಲಮಟ್ಟಕ್ಕೆ ಇಳಿಯುವಂಥದು ಬೇಕಾಯಿತು. ನಡುವಿನ ಕಂಬವನ್ನು ಮೇಲೆತ್ತಿದರೆ ಮೂರು ಕಾಲಿನ ಭದ್ರತೆ ಒಂಟಿ ಕಾಲಿನದಾಗುತ್ತದೆ. ಆ ಕಂಬವಿಲ್ಲದಿದ್ದರೇ ಲೇಸು. ಕಾಲಿನ ಮಡಿಕೆಗಳು ಕಡಿಮೆಯಿದ್ದಷ್ಟೂ ಅಲುಗಾಟ ಕಡಿಮೆ. ಕಾರ್ಬನ್ನಿನದು ಹಗುರ, ಬೆಲೆ ದುಬಾರಿ. ಬೆಟ್ಟ ಹತ್ತದ ನಮಗೆ ತೂಕದ ಅಲ್ಯೂಮಿನಿಯಮ್ಮೇ ಹಿತವೆನಿಸಿತು.

ಬಾಲ್ ಹೆಡ್ಡಿನ ಆಯ್ಕೆಯೇ ಹೆಚ್ಚು ಕಠಿಣ. ಎಷ್ಟು ಕಿಲೋ ಹೊರುವುದೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಆದರೆ ತಿರುಪು ಬಿಗಿದು ಕೈಬಿಟ್ಟಾಗ ಚೌಕಟ್ಟು ಎಷ್ಟು ಕುಸಿಯುವುದೆಂದು ಬರೆದಿರುವುದಿಲ್ಲ. ದೂರದ ಚಿತ್ರದಲ್ಲಿ ಆ ಕುಸಿತ ಲೆಕ್ಕಕ್ಕಿಲ್ಲ. ಇಲ್ಲಿ ನೂಲೆಳೆಯೇ ಚೌಕಟ್ಟಿನಿಂದಾಚೆ ಸರಿದುಹೋದೀತು. ಆದುದರಿಂದ ಸಾಂಗಲಿಯ ಅಂಗಡಿಗೆ ನಮ್ಮ ಕ್ಯಾಮರಾವನ್ನೇ ಒಯ್ದು, ಮೇಜಿನ ಮೇಲೆ ಅಳತೆಪಟ್ಟಿಯನ್ನಿಟ್ಟು, ಪರದೆಯಲ್ಲಿ ಬಿಂಬವನ್ನು ಹಿಗ್ಗಿಸಿ, ಒಂದೊಂದನ್ನೂ ಬಿಗಿದು ನೋಡಿದೆವು. ಮೂರರಲ್ಲಿ ಎರಡು ಗೆರೆ ತಪ್ಪಿದವು. ಗುಂಡು ದಪ್ಪವಾಗಿದ್ದು, ಬಿಗಿತವನ್ನು ಹದಗೊಳಿಸಲು ಬೇರೆಯೇ ತಿರುಪಿದ್ದ ಮೂರನೆಯದು ನಿಂತಿತು. ಹಲ್ಲುಚಕ್ರದ ಹೆಡ್ಡು ಇನ್ನೂ ನಿಖರವಾದದ್ದು. ಬೆಲೆ ನಮ್ಮ ಸಂಬಳಕ್ಕೆ ಎಟುಕಲಿಲ್ಲ. ಅದರ ಬದಲು ಕ್ಯಾಮರಾವನ್ನು ಕೂದಲೆಳೆಯಷ್ಟು ಹಿಂದೆಮುಂದೆ ಸರಿಸುವ ಸಣ್ಣ ಹಳಿಯೊಂದನ್ನು ಕೊಂಡೆವು.

ಹಾಗೆಂದು ಸಲಕರಣೆಯೊಂದರಿಂದಲೇ ಕೆಲಸ ಮುಗಿಯದು. ಬೀದಿಯಲ್ಲಿ ಲಾರಿ ಹೋದರೆ ಕಾಯಬೇಕು. ಬೆರಳಿನ ಒತ್ತು ತಾಗದಂತೆ ಹತ್ತು ಸೆಕೆಂಡಿನ ಟೈಮರ್ ಇಡಬೇಕು. ಮೂರು ರವಿವಾರ ನಡೆದ ಈ ಕೆಲಸದಲ್ಲಿ ಅರದ ಗೀರು, ಮೇಲ್ಮೈಯ ಬಾಗು, ನೂಲು ನಿಂತ ಠಾವು ಎಲ್ಲವೂ ಚಿತ್ರವಾದವು. ಅವನ್ನು ನಮ್ಮ ಏಳನೆಯ ಇಯತ್ತೆಯ ಮಕ್ಕಳಿಗೆ ತೋರಿಸಿದಾಗ ಒಬ್ಬ ಹುಡುಗಿ, “ಸರ್, ಇದರಲ್ಲಿ ನಾದ ಎಲ್ಲಿದೆ?” ಎಂದು ಕೇಳಿದಳು. ಯೋಗ್ಯವಾದ ಪ್ರಶ್ನೆ. ಚಿತ್ರವು ಠಾವನ್ನು ತೋರಿಸೀತು. ಆ ಠಾವನ್ನು ಗುರುತಿಸುವ ಕಿವಿ ಚಾಚಾ ಅವರ ಹತ್ತಿರವೇ ಇದೆ. ಬರುವ ತಿಂಗಳು ಆ ಮಕ್ಕಳನ್ನು ಮೀರಜಿಗೆ ಕರೆದೊಯ್ಯುತ್ತಿದ್ದೇವೆ.