ಹೂವಿಗಿಂತ ಮೊದಲು ಬೀಜ

ಅನಾವೃತ ಬೀಜ ಸಸ್ಯಗಳಿಗೆ ನಮ್ಮ ಪಾಠಯೋಜನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅರ್ಧ ಅವಧಿ. ‘ಹೂವಿಲ್ಲ, ಹಣ್ಣಿಲ್ಲ, ಅಂಡಾಶಯವಿಲ್ಲ, ಉದಾಹರಣೆ ಸೈಕಸ್, ಪೈನಸ್’ ಎಂದು ಹಲಗೆಯ ಮೇಲೆ ಬರೆದು, ಮಕ್ಕಳು ಅದನ್ನು ಇಳಿಸಿಕೊಂಡರೆ ಮುಗಿಯಿತು. ಈ ಮೂರು ‘ಇಲ್ಲ’ಗಳ ವಿವರಣೆ ನನಗೆ ಮೊದಲಿನಿಂದಲೂ ಕಿರಿಕಿರಿ. ಪಾಪ, ಏನೋ ಕೊರತೆಯಿರುವ ಗಿಡ ಎಂಬಂತೆ ಕೇಳಿಸುತ್ತದೆ. ಪಳೆಯುಳಿಕೆಗಳು ಹೇಳುವ ಕಥೆಯೇ ಬೇರೆ. ಭೂಮಿಯ ಮೇಲೆ ಬೀಜ ಕಾಣಿಸಿಕೊಂಡದ್ದು ಸುಮಾರು 36 ಕೋಟಿ ವರ್ಷಗಳ ಹಿಂದೆ. ಹೂಬಿಡುವ ಸಸ್ಯಗಳ ಖಚಿತ ಗುರುತುಗಳು ಸಿಗುವುದು ಸುಮಾರು 13 ಕೋಟಿ ವರ್ಷಗಳಿಂದ ಈಚೆಗೆ. ನಡುವಿನ ಇಪ್ಪತ್ತು ಕೋಟಿಗೂ ಹೆಚ್ಚು ವರ್ಷ ಬೀಜ ಹೂವಿನ ಹಂಗಿಲ್ಲದೆ ಬಾಳಿದೆ.

ಪಿಯುಸಿ ಮುಗಿಸಿ ಈ ಕೋರ್ಸಿಗೆ ಸೇರುವ ಮೊದಲು ಮೂರು ವರ್ಷ ನಾನು ಒಂದು ನರ್ಸರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅಲ್ಲಿ ಸೈಕಸ್ ಕುಂಡಗಳಿಗೆ ಒಳ್ಳೆಯ ಬೆಲೆ. ಕೊಳ್ಳಲು ಬಂದವರು ‘ಇದು ಹೂ ಬಿಡೋದು ಯಾವಾಗ?’ ಎಂದು ಕೇಳಿದರೆ ಮಾಲೀಕರು ನಗುತ್ತ ‘ನಿಧಾನದ ಗಿಡ ಸಾರ್’ ಎಂದು ಜಾರಿಕೊಳ್ಳುತ್ತಿದ್ದರು. ಅದು ಎಂದೂ ಹೂ ಬಿಡುವುದಿಲ್ಲ ಎನ್ನುವುದು ನನಗೆ ತಿಳಿದದ್ದು ಇಲ್ಲಿ, ಸಸ್ಯಶಾಸ್ತ್ರದ ತರಗತಿಯಲ್ಲಿ.

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ನಜರ್‌ಬಾದಿನ ಒಂದು ಪ್ರೌಢಶಾಲೆ, ಒಂಬತ್ತನೇ ತರಗತಿ. ಶಾಲೆಯ ಹಿಂದಿನ ರಸ್ತೆಯ ಹಳೆಯ ಮನೆಯೊಂದರ ಕಾಂಪೌಂಡಿನಲ್ಲಿ ಹೆಣ್ಣು ಸೈಕಸ್ ಇತ್ತು. ಅದರ ನೆತ್ತಿಯಲ್ಲಿ ಕಂದುಬಣ್ಣದ, ಉಣ್ಣೆಯಂತೆ ರೋಮವಿರುವ ಎಲೆಗಳ ದೊಡ್ಡ ಗೊಂಚಲು. ಆ ಮನೆಯ ಅಜ್ಜಿಯನ್ನು ಕೇಳಿ ಅಂಥ ಎರಡು ಎಲೆ, ಜೊತೆಗೆ ಒಂದು ಹಸಿರು ಗರಿ ತಂದೆ. ಸೈಕಸ್ ಬೀಜ ವಿಷಕಾರಿ. ಆದ್ದರಿಂದ ಯಾರೂ ಬಾಯಿಗಿಡಬಾರದು, ಆಮೇಲೆ ಕೈ ತೊಳೆಯಬೇಕು ಎಂದು ಮೊದಲೇ ಹೇಳಿ ಬೆಂಚಿನಿಂದ ಬೆಂಚಿಗೆ ದಾಟಿಸಿದೆ.

ಮೂರನೆಯ ಬೆಂಚಿನ ಹುಡುಗಿಯೊಬ್ಬಳ ತಾಯಿ ಹೂವಿನ ಅಲಂಕಾರದ ಕೆಲಸ ಮಾಡುತ್ತಾರೆ. ಅವಳು ಹಸಿರು ಗರಿಯನ್ನು ಕೂಡಲೇ ಗುರುತಿಸಿದಳು. ‘ಇದನ್ನ ಬೊಕೆಗೆ ಹಾಕ್ತಾರೆ ಮಿಸ್. ಆದ್ರೆ ಇನ್ನೊಂದು ಎಲೆ ಅಲ್ಲ, ಕಾಯಿ.’ ಎಲೆಯೋ ಕಾಯಿಯೋ ಎಂದು ತರಗತಿ ಎರಡು ಪಕ್ಷವಾಯಿತು. ನಾನು ಉತ್ತರ ಹೇಳದೆ ಎರಡನ್ನೂ ಪಕ್ಕಪಕ್ಕ ಇಡಲು ಹೇಳಿದೆ. ಅವಳು ಸ್ವಲ್ಪ ಹೊತ್ತು ನೋಡಿ, ‘ಮೇಲ್ಗಡೆ ಎರಡಕ್ಕೂ ಗರಿ ಇದೆ. ಕೆಳಗಡೆ ಇದಕ್ಕೆ ಗರಿ ಇರೋ ಜಾಗದಲ್ಲಿ ಬೀಜ ಇದೆ’ ಎಂದಳು. ಸೈಕಸ್‌ನಲ್ಲಿ ಬೀಜ ಎಲೆಯಂಥ ಅಂಗದ ಅಂಚಿನಲ್ಲೇ ಕೂರುತ್ತದೆ ಎಂದು ನಾನು ಹೇಳಬೇಕಿದ್ದ ವಾಕ್ಯವನ್ನು ಅವಳೇ ನೋಡಿ ಹೇಳಿಬಿಟ್ಟಿದ್ದಳು.

ಹಾಗಾದರೆ ಬೀಜ ಮೊದಲು ಆದದ್ದು ಹೇಗೆ? ಜರೀಗಿಡದ ಬೀಜಕಗಳು ಮಾಗಿದ ಮೇಲೆ ಗಾಳಿಗೆ ಹಾರಿಹೋಗುತ್ತವೆ. ಬೀಜದ ದಾರಿ ಹಿಡಿದ ಸಸ್ಯಗಳಲ್ಲಿ ದೊಡ್ಡ ಹೆಣ್ಣು ಬೀಜಕ ತಾಯಿಗಿಡವನ್ನು ಬಿಟ್ಟು ಹೋಗದೆ ತನ್ನ ಚೀಲದಲ್ಲೇ ಉಳಿಯಿತು. ಆ ಚೀಲಕ್ಕೆ ಹೊದಿಕೆ ಬಂದದ್ದನ್ನು ತೋರಿಸುವ ಒಳ್ಳೆಯ ಪಳೆಯುಳಿಕೆಗಳು ಸ್ಕಾಟ್ಲೆಂಡಿನ ಬರ್ವಿಕ್‌ಷೈರ್‌ನವು, ಸುಮಾರು 35 ಕೋಟಿ ವರ್ಷ ಹಳೆಯವು. 1960ರಲ್ಲಿ ಅವುಗಳನ್ನು ವಿವರಿಸಿದ ಆಲ್ಬರ್ಟ್ ಲಾಂಗ್ ಆಗ ಶಾಲಾಮೇಷ್ಟರು ಎನ್ನುವುದು ನಮ್ಮಂಥವರಿಗೆ ಖುಷಿ ಕೊಡುವ ಸಂಗತಿ. ಜೀನೋಮೋಸ್ಪರ್ಮ ಎಂಬ ಆ ಕುಲದ ಒಂದು ಪ್ರಭೇದದಲ್ಲಿ ಚೀಲದ ಸುತ್ತ ಸುಮಾರು ಎಂಟು ಎಸಳುಗಳು ಬಿಡಿಬಿಡಿಯಾಗಿ ನಿಂತಿವೆ. ಇನ್ನೊಂದರಲ್ಲಿ ಅವು ಬುಡದಲ್ಲಿ ಕೂಡಿಕೊಂಡು, ತುದಿಯಲ್ಲಿ ಒಳಕ್ಕೆ ಬಾಗಿವೆ. ಪೂರ್ತಿ ಕೂಡಿಕೊಂಡು ಮೇಲೆ ಒಂದು ಸಣ್ಣ ರಂಧ್ರ ಮಾತ್ರ ಉಳಿದರೆ, ಅದೇ ನಾವು ಇಂದು ನೋಡುವ ಅಂಡಕದ ಹೊದಿಕೆ.

ಇದಕ್ಕೆ ಚಾರ್ಟು ಮಾಡಲಿಲ್ಲ. ಬಲಗೈ ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿ, ಎಡಗೈ ಬೆರಳುಗಳನ್ನು ಅದರ ಸುತ್ತ ಮೊದಲು ಅಗಲವಾಗಿ, ಆಮೇಲೆ ಒತ್ತಾಗಿ ಹಿಡಿಯಲು ಹೇಳಿದೆ. ‘ಐದೇ ಬೆರಳಲ್ವಾ ಮಿಸ್, ಎಂಟು ಎಲ್ಲಿ?’ ಎಂದ ಹಿಂದಿನ ಬೆಂಚಿನವನಿಗೆ ಪಕ್ಕದವನು ಮೂರು ಬೆರಳು ಸಾಲ ಕೊಟ್ಟ.

ಅದೇ ಹುಡುಗ ಅಂದಿನ ಅತ್ಯಂತ ಕಷ್ಟದ ಪ್ರಶ್ನೆಯನ್ನೂ ಕೇಳಿದ: ‘ಕಲ್ಲಿನಲ್ಲಿ ಎಲೆ ಒಂದು ಕಡೆ, ಬೀಜ ಒಂದು ಕಡೆ ಸಿಗತ್ತೆ ಅಂದ್ರಲ್ಲ. ಇದರ ಬೀಜ ಇದೇ ಅಂತ ಯಾರು ನೋಡಿದ್ರು?’ ಯಾರೂ ನೋಡಿಲ್ಲ. ಕಲ್ಲಿದ್ದಲು ಯುಗದ ಜರೀಗರಿಯಂಥ ಎಲೆಗಳನ್ನು ಬಹುಕಾಲ ಜರೀಗಿಡದವೇ ಎಂದು ನಂಬಲಾಗಿತ್ತು. 1903ರಲ್ಲಿ ಆಲಿವರ್ ಮತ್ತು ಸ್ಕಾಟ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಬಿಡಿಯಾಗಿ ಸಿಕ್ಕಿದ ಒಂದು ಬೀಜದ ಹೊರಬಟ್ಟಲಿನ ಮೇಲೆ ಗುಂಡುಸೂಜಿಯ ತಲೆಯಂಥ ಸಣ್ಣ ಗ್ರಂಥಿಗಳನ್ನು ಕಂಡರು. ಅಂಥವೇ ಗ್ರಂಥಿಗಳು ಅಂಥ ಒಂದು ಗಿಡದ ಕಾಂಡ ಮತ್ತು ಎಲೆತೊಟ್ಟಿನ ಮೇಲೂ ಇದ್ದವು. ಬೇರೆ ಯಾವ ಗಿಡದ ಮೇಲೂ ಇರಲಿಲ್ಲ. ಆ ಸುಳಿವಿನಿಂದಲೇ ‘ಬೀಜಜರೀ’ ಎಂಬ ಹೊಸ ಗುಂಪು ಹುಟ್ಟಿತು.

ನಮ್ಮ ದೇಶದ್ದೂ ಒಂದು ಉದಾಹರಣೆ ಕೊಟ್ಟೆ. ಇಂದಿನ ಜಾರ್ಖಂಡಿನ ರಾಜಮಹಲ್ ಬೆಟ್ಟಗಳ ನಿಪನಿಯಾದಲ್ಲಿ ಒಂದು ಸಸ್ಯದ ಕಾಂಡ, ಎಲೆ, ಬೀಜದ ಗೊಂಚಲು ಬೇರೆಬೇರೆಯಾಗಿ ಸಿಕ್ಕಿ, ಬೇರೆಬೇರೆ ಹೆಸರು ಪಡೆದಿದ್ದವು. 1948ರಲ್ಲಿ ಬೀರಬಲ್ ಸಾಹ್ನಿ ಅವನ್ನೆಲ್ಲ ಒಟ್ಟಿಗೆ ತಂದು ಪೆಂಟಾಕ್ಸಿಲೀ ಎಂಬ ಗುಂಪು ರಚಿಸಿದರು. ಬೀಜದ ಗೊಂಚಲು ಹೇಗಿತ್ತು ಎಂದು ಚಿತ್ರ ಬರೆಯುವ ಮೊದಲೇ ‘ಹಿಪ್ಪುನೇರಳೆ ಹಣ್ಣಿನ ಹಾಗೆ’ ಎಂದೆ. ರೇಷ್ಮೆ ಸೀಮೆಯ ಮಕ್ಕಳಿಗೆ ಚಿತ್ರ ಬೇಕಾಗಲಿಲ್ಲ.

ಪಾಠದ ನಂತರ ವೀಕ್ಷಕರು ನನ್ನ ದಾಖಲೆ ಪುಸ್ತಕದಲ್ಲಿ ‘ಪಳೆಯುಳಿಕೆ ಭಾಗ ಪಠ್ಯದ ಆಚೆಗೆ ಹೋಗಿದೆ, ಜೀವಂತ ಪಳೆಯುಳಿಕೆ ಎಂಬ ಪದ ಬಂದಿಲ್ಲ’ ಎಂದು ಬರೆದರು. ಅಂಕವೂ ಅದಕ್ಕೆ ತಕ್ಕಂತೆಯೇ ಬಂತು. ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ: ಆ ಪದವನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಸೈಕಸ್ ವಂಶ ಬಹಳ ಹಳೆಯದು ನಿಜ. ಆದರೆ ಇಂದಿರುವ ಸೈಕಸ್ ಪ್ರಭೇದಗಳಲ್ಲಿ ಹೆಚ್ಚಿನವು ಕವಲೊಡೆದದ್ದು ಕಳೆದ ಒಂದೂಕಾಲು ಕೋಟಿ ವರ್ಷಗಳಲ್ಲಿ ಎಂದು 2011ರ ಡಿಎನ್ಎ ಅಧ್ಯಯನ ತೋರಿಸಿದೆ. ‘ಜೀವಂತ ಪಳೆಯುಳಿಕೆ’ ಎಂದರೆ ಅಜ್ಜಿಯ ಮನೆಯ ಗಿಡ ಡೈನೋಸಾರ್ ಕಾಲದಿಂದ ಕದಲದೆ ನಿಂತಿದೆ ಎಂದು ಮಕ್ಕಳು ತಿಳಿಯುತ್ತಾರೆ. ಇನ್ನು, ಆಧಾರವನ್ನು ಬಿಟ್ಟು ತೀರ್ಮಾನವನ್ನಷ್ಟೇ ಕೊಟ್ಟಿದ್ದರೆ ‘ಯಾರು ನೋಡಿದ್ರು?’ ಎಂದು ಆ ಹುಡುಗ ಕೇಳುವ ಸಂದರ್ಭವೇ ಬರುತ್ತಿರಲಿಲ್ಲ. ಮುಂದಿನ ಪಾಠಯೋಜನೆಯಲ್ಲೂ ಹತ್ತು ನಿಮಿಷವನ್ನು ಇದಕ್ಕೇ ಇಟ್ಟಿದ್ದೇನೆ.

ಮರುದಿನ ಪೈನಸ್ ಪಾಠದ ಮಧ್ಯೆ ಬಂದ ಪ್ರಶ್ನೆ, ‘ಚಾಮುಂಡಿ ಬೆಟ್ಟದಲ್ಲಿ ಇಂಥ ಕಲ್ಲು ಸಿಗತ್ತಾ?’ ಸಿಗುವುದಿಲ್ಲ. ಅದು ಭೂಮಿಯೊಳಗೆ ಕರಗಿದ ಶಿಲೆ ಆರಿ ಆದ ಗ್ರಾನೈಟ್. ವಯಸ್ಸು ಸುಮಾರು 80 ಕೋಟಿ ವರ್ಷ. ನೆಲದ ಮೇಲೆ ಗಿಡಗಳು ಬಂದದ್ದೇ ಸುಮಾರು 47 ಕೋಟಿ ವರ್ಷಗಳ ಹಿಂದೆ. ಮಕ್ಕಳಿಗೆ ನಿರಾಸೆಯಾಯಿತು. ಶಾಲೆಯ ಪ್ರವಾಸ ಈ ಸಲ ಬೆಂಗಳೂರಿಗೆ ಹೋಗುವುದಿತ್ತು. ಲಾಲ್‌ಬಾಗಿನಲ್ಲಿ ತಮಿಳುನಾಡಿನ ತಿರುವಕ್ಕರೈಯಿಂದ ತಂದಿಟ್ಟ, ಸುಮಾರು 2 ಕೋಟಿ ವರ್ಷ ಹಳೆಯ ಕಲ್ಲಾದ ಮರದ ಕಾಂಡವಿದೆ ಎಂದೆ. ಹೂವಿನ ಅಲಂಕಾರದವರ ಮಗಳು ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು, ಅಲ್ಲಿ ಕೇಳಬೇಕಾದ್ದನ್ನು ಬರೆದುಕೊಂಡಳು: ‘ಎಲೆ ಇಲ್ಲ, ಬೀಜ ಇಲ್ಲ. ಯಾವ ಮರ ಅಂತ ಹೇಗೆ ಗೊತ್ತಾಯ್ತು?’