ಹೋದ ಟೈರಲ್ಲೇ ವಾಪಸ್ ಬರಬೇಕು

ನಮ್ಮ ಹಾಸ್ಟೆಲ್ಲಿನಲ್ಲಿ ಕಾರಿನ ಮಾತು ಶುರುವಾದರೆ ಮೊದಲು ಬರೋದು ಬಿಎಚ್‌ಪಿ, ಆಮೇಲೆ ಟಾರ್ಕ್, ಆಮೇಲೆ ಯಾರೋ ಸೀನಿಯರ್ ರೀಮ್ಯಾಪ್ ಮಾಡಿಸಿದ ಕಥೆ. ಟೈರಿನ ಮಾತು ಬರೋದು ಪಂಕ್ಚರ್ ಆದಾಗ ಮಾತ್ರ. ಆದರೆ ಇಂಜಿನ್ ಎಷ್ಟೇ ಎಳೆಯಲಿ, ಬ್ರೇಕ್ ಎಷ್ಟೇ ಹಿಡಿಯಲಿ, ಅದೆಲ್ಲ ನೆಲಕ್ಕೆ ಮುಟ್ಟೋದು ಅಂಗೈಯಷ್ಟಗಲದ ನಾಲ್ಕು ರಬ್ಬರ್ ಜಾಗಗಳಿಂದ. ಈ ಮಾತನ್ನು ನಾವು ನಾಲ್ವರೂ ಪುಸ್ತಕದಲ್ಲಿ ಓದಿದ್ದೆವು. ಅರ್ಥ ಆಗಿದ್ದು ಮೊನ್ನೆ ಮೇ ತಿಂಗಳಲ್ಲಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಂದು ಟ್ರ್ಯಾಕ್ ಡೇ ಅಂತ ಹೋದಾಗ.

ಕರಿ ಅಂದ್ರೆ ಎಸ್. ಕರಿವರ್ಧನ್. ಮಾರುತಿ 800ರ ಇಂಜಿನ್ ಇಟ್ಟುಕೊಂಡು ಫಾರ್ಮುಲಾ ಮಾರುತಿ ಅನ್ನೋ ಒಂಟಿ ಸೀಟಿನ ರೇಸ್ ಕಾರು ಕಟ್ಟಿದವರು. 1995ರಲ್ಲಿ ತೀರಿಕೊಂಡ ಅವರ ಹೆಸರನ್ನೇ ಈ ಟ್ರ್ಯಾಕಿಗೆ ಇಟ್ಟಿದ್ದಾರೆ. ಎರಡು ಕಿಲೋಮೀಟರಿಗಿಂತ ಸ್ವಲ್ಪ ಉದ್ದ, ತಿರುವೇ ಜಾಸ್ತಿ. ರಾಷ್ಟ್ರೀಯ ರೇಸಿಂಗ್ ಚಾಂಪಿಯನ್‌ಶಿಪ್ ನಡೆಸುವ ಜೆ.ಕೆ. ಟೈರ್ ನಮಗೇನೂ ದೂರದ್ದಲ್ಲ. ಮೈಸೂರಿನವರು ಇವತ್ತಿಗೂ 'ವಿಕ್ರಾಂತ್ ಫ್ಯಾಕ್ಟರಿ' ಅಂತ ಕರೆಯೋ ಕಾರ್ಖಾನೆ 1997ರಿಂದ ಅವರದ್ದೇ.

ರೇಸಿಗೆ ಹೋಗುವವರು ಕಾರನ್ನು ಲಾರಿಯ ಮೇಲೆ ತರುತ್ತಾರೆ, ಜೊತೆಗೆ ಇನ್ನೊಂದು ಸೆಟ್ ಟೈರ್ ತರುತ್ತಾರೆ. ನಮ್ಮದು ಹಾಗಲ್ಲ. ನಮ್ಮಲ್ಲೊಬ್ಬನ ಊರು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ. ಕಾರು ಅವನ ಮನೆಯದ್ದು, ಹಳೇ ಹ್ಯಾಚ್‌ಬ್ಯಾಕ್. ಆ ಮನೆಗೆ ಇರೋದೇ ಅದೊಂದು ಕಾರು. ನಾವು ಕೇಳಿದಾಗ ಅವನ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಗೊಂಡೋಗ್ರಪ್ಪ, ಬ್ಯಾಡ ಅನ್ನಕಿಲ್ಲ. ಆದ್ರೆ ಹೋದ ಟೈರಲ್ಲೇ ವಾಪಸ್ ಬರ್ಬೇಕು. ಮಳೆ ಹಿಡ್ಕೊಂಡ ಮೇಲೆ ಇವ್ರಜ್ಜೀನ ಮೈಸೂರು ಆಸ್ಪತ್ರೆಗೆ ಕರ್ಕೊಂಡೋಗದು ಇದೇ ಗಾಡೀಲಿ. ಈ ವರ್ಷ ಹೊಸ ಟೈರ್ ಹಾಕ್ಸಕ್ಕೆ ಆಗಕಿಲ್ಲ," ಅಂದರು.

ಅಷ್ಟೇ ಷರತ್ತು. ಆದರೆ ಆ ಒಂದು ಮಾತಿಂದ ನಮ್ಮ ಟ್ರ್ಯಾಕ್ ಡೇ ಪೂರ್ತಿ ಬೇರೆಯಾಯಿತು. ಯಾರು ಬೇಗ ಸುತ್ತಿದರು ಅನ್ನೋ ಪ್ರಶ್ನೆ ಹಿಂದೆ ಹೋಗಿ, ಎಷ್ಟು ರಬ್ಬರ್ ಖರ್ಚು ಮಾಡಬಹುದು ಅನ್ನೋ ಪ್ರಶ್ನೆ ಮುಂದೆ ಬಂತು.

ಖರ್ಚಿಗೆ ಮೊದಲು ಲೆಕ್ಕ ಬೇಕಲ್ಲ? ಕಾರಿನ ಹೊಸ ಟೈರಿನ ಬಟನ್ ಆಳ ಸುಮಾರು 8 ಮಿ.ಮೀ. ಗಾಡಿಗಳ ಮಧ್ಯೆ ಅಡ್ಡಲಾಗಿ ಕಾಣುವ ಸಣ್ಣ ದಿಂಡುಗಳ ಎತ್ತರ 1.6 ಮಿ.ಮೀ. ಬಟನ್ ಆ ಮಟ್ಟಕ್ಕೆ ಇಳಿದರೆ ಟೈರಿನ ಆಯುಸ್ಸು ಮುಗೀತು. ಅಂದರೆ ಕೈಯಲ್ಲಿರೋ ಬಂಡವಾಳ 6.4 ಮಿ.ಮೀ. ಮಾತ್ರ. ಮಳೆಗಾಲಕ್ಕೆ ಅದೂ ಲೆಕ್ಕಕ್ಕೆ ಬರೋದಿಲ್ಲ. ನೀರನ್ನು ಆಚೆ ತಳ್ಳೋದಕ್ಕೆ ಆಳ ಬೇಕು, ಒದ್ದೆ ರಸ್ತೆಯಲ್ಲಿ ಬ್ರೇಕಿನ ದೂರ 1.6ಕ್ಕೆ ಬರೋಕೆ ಬಹಳ ಮುಂಚೆಯೇ ಹೆಚ್ಚತೊಡಗುತ್ತದೆ. ಹಾಗಾಗಿ ನಾವು ನಾಲ್ವರೂ ಕೂತು 4.5 ಮಿ.ಮೀ. ಅಂತ ಗೆರೆ ಹಾಕಿಕೊಂಡೆವು. ಯಾವ ಟೈರಿನ ಯಾವ ಜಾಗವೂ ಅದಕ್ಕಿಂತ ಕೆಳಗೆ ಇಳಿಯಬಾರದು. ಅಳೆಯೋದಕ್ಕೆ ವರ್ನಿಯರ್ ಕ್ಯಾಲಿಪರ್. ಮೊದಲ ವರ್ಷದ ಲ್ಯಾಬಲ್ಲಿ 'ಇದರ ಬಾಲದಂಥ ಕಡ್ಡಿ ಯಾತಕ್ಕೆ?' ಅಂತ ಕೇಳ್ತಿದ್ದೆವಲ್ಲ, ಆ ಕಡ್ಡಿ ಇರೋದೇ ಆಳ ಅಳೆಯೋಕೆ. ಹೊರಡುವ ಹಿಂದಿನ ದಿನ ಮುಂದಿನ ಟೈರುಗಳು 5.6, ಹಿಂದಿನವು 6 ಇದ್ದವು. ಪಕ್ಕದ ಗೋಡೆಯ ನಾಲ್ಕಂಕಿಯ ಗುರುತಿನಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಅದರ ಪ್ರಕಾರ ಟೈರಿಗೆ ನಾಲ್ಕು ವರ್ಷ ತುಂಬಿತ್ತು.

ಗಾಳಿ ಹೊಡೆಸೋಕೆ ಹುಲ್ಲಹಳ್ಳಿಯ ಪಂಕ್ಚರ್ ಶಾಪಿಗೆ ಹೋದಾಗ ಅಂಗಡಿ ಅಣ್ಣ ಎಲ್ಲ ಕೇಳಿಸಿಕೊಂಡು, "ದಿನಾ ಪೂರ್ತಿ ಒಂದೇ ಕಡೆಗೆ ಸುತ್ತದಾ?" ಅಂದರು. ಹೌದು ಅಣ್ಣ ಅಂದೆವು. "ಕಣದಲ್ಲಿ ಗುಂಡು ಎಳಿಯೋವಾಗ ಹೊರಗಡೆ ಎತ್ತೇ ಜಾಸ್ತಿ ನಡೀತದೆ. ಹೊತ್ತೇರಿದ ಮೇಲೆ ಎತ್ತು ಬದ್ಲಾಯ್ಸ್‌ಬೇಕು. ಇದೂ ಅಂಗೇಯ." ವೆಹಿಕಲ್ ಡೈನಾಮಿಕ್ಸ್ ಪಾಠದ ಸಾರ ಎರಡು ಸಾಲಲ್ಲಿ ಸಿಕ್ಕಿತು.

ಅದನ್ನೇ ಅಂಕಿಯಲ್ಲಿ ನೋಡೋಣ. ದೇವಸ್ಥಾನದ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸುತ್ತುವ ಟ್ರ್ಯಾಕಿನಲ್ಲಿ ಬಲ ತಿರುವುಗಳೇ ಹೆಚ್ಚು. ಕಾರಿನ ತೂಕ ಎಡಕ್ಕೆ ವಾಲುತ್ತದೆ. 900 ಕೆ.ಜಿ. ಕಾರು, ಗುರುತ್ವ ಕೇಂದ್ರದ ಎತ್ತರ 0.55 ಮೀ., ಎಡ ಬಲ ಚಕ್ರಗಳ ಅಂತರ 1.5 ಮೀ., ತಿರುವಿನಲ್ಲಿ 0.8 ಜಿ ಅಂತಿಟ್ಟುಕೊಳ್ಳಿ. 900 × 0.8 × 0.55 ÷ 1.5 ಅಂದರೆ 264 ಕೆ.ಜಿ. ಭಾರ ಬಲದಿಂದ ಎಡಕ್ಕೆ ಹೋಯಿತು. ಎರಡೂ ಕಡೆ 450 ಇದ್ದದ್ದು ಈಗ ಎಡಕ್ಕೆ 714, ಬಲಕ್ಕೆ 186. ಮೇಲಾಗಿ ನಮ್ಮದು ಫ್ರಂಟ್ ವೀಲ್ ಡ್ರೈವ್. ಎಳೆಯೋದು, ತಿರುಗಿಸೋದು, ಬ್ರೇಕಿನ ಬಹುಪಾಲು, ಎಲ್ಲವೂ ಮುಂದಿನ ಚಕ್ರಗಳದ್ದೇ. ಹಾಗಾಗಿ ಎಡ ಮುಂದಿನ ಟೈರು ಹೊರಗಡೆ ಎತ್ತು. ರಸ್ತೆ ಕಾರಿನಲ್ಲಿ ಕ್ಯಾಂಬರ್ ಹೆಚ್ಚು ಕಡಿಮೆ ಸೊನ್ನೆ ಇರೋದರಿಂದ, ಕಾರು ವಾಲಿದಾಗ ಆ ಟೈರು ತನ್ನ ಹೊರ ಭುಜದ ಮೇಲೇ ನಿಲ್ಲುತ್ತದೆ. ಸವೆಯೋದೂ ಅಲ್ಲೇ.

ಮೊದಲ ಸೆಷನ್ ಆರು ಸುತ್ತು. ಒಂದು ಬೆಚ್ಚಗಾಗೋಕೆ, ನಾಲ್ಕು ಜೋರು, ಒಂದು ತಣ್ಣಗಾಗೋಕೆ. ಒಳಗೆ ಬಂದ ಕೂಡಲೇ ಗಾಳಿ ನೋಡಿದೆವು. ಬೆಳಿಗ್ಗೆ 32 ಪಿಎಸ್‌ಐ ಇದ್ದದ್ದು ಎಡ ಮುಂದಿನದರಲ್ಲಿ 39 ಆಗಿತ್ತು. ಗೇಜಿನ 32ಕ್ಕೆ ವಾತಾವರಣದ 14.7 ಸೇರಿಸಿದರೆ 46.7. ಒಳಗಿನ ಗಾಳಿ 27 ಡಿಗ್ರಿಯಿಂದ 77 ಡಿಗ್ರಿಗೆ, ಅಂದರೆ 300 ಕೆಲ್ವಿನ್‌ನಿಂದ 350ಕ್ಕೆ ಏರಿದರೆ 54.5, 14.7 ಕಳೆದರೆ ಗೇಜಿನಲ್ಲಿ 40ರ ಹತ್ತಿರ. ಪಿಯುಸಿಯ ಫಿಸಿಕ್ಸ್ ಅಲ್ಲೇ ಪಿಟ್‌ನಲ್ಲಿ ನಿಂತಿತ್ತು. ಗಾಳಿ ಅತಿಯಾದರೆ ನೆಲಕ್ಕೆ ತಾಗುವ ಜಾಗ ಕಡಿಮೆ. ಕಡಿಮೆಯಾದರೆ ಟೈರು ಮಡಚಿಕೊಂಡು ಭುಜ ಉಜ್ಜುತ್ತದೆ. ಸರಿಯಾದ್ದು ಎಷ್ಟು ಅಂತ ಹೇಳಿದ್ದು ಒಂದು ಸೀಮೆಸುಣ್ಣ. ಬಟನ್ ಅಂಚಿನಿಂದ ಪಕ್ಕದ ಗೋಡೆಯವರೆಗೆ ಗೆರೆ ಎಳೆದು ಸುತ್ತಿ ಬಂದರೆ, ಟೈರು ಎಲ್ಲಿಯವರೆಗೆ ನೆಲ ಮುಟ್ಟಿದೆಯೋ ಅಲ್ಲಿಯವರೆಗೆ ಸುಣ್ಣ ಅಳಿಸಿರುತ್ತದೆ. ಭುಜದ ಮೇಲಿನ ಪುಟ್ಟ ತ್ರಿಕೋನದ ಗುರುತಿನ ಹತ್ತಿರ ನಿಂತರೆ ಸರಿ, ದಾಟಿದರೆ ಗಾಳಿ ಸಾಲದು. ನಮ್ಮ ಕಾರಿಗೆ ಬಿಸಿಯಲ್ಲಿ 35 ಹೊಂದಿತು. ಬೇರೆ ಕಾರಿಗೆ ಬೇರೆ ಅಂಕಿ, ಆದರೆ ಸುಣ್ಣ ಎಲ್ಲರಿಗೂ ಒಂದೇ.

ಆ ಸೆಷನ್ನಿನಲ್ಲಿ ಎಡ ಮುಂದಿನ ಹೊರ ಭುಜ 5.6ರಿಂದ 5.2ಕ್ಕೆ ಇಳಿದಿತ್ತು. ಎರಡನೆಯದರಲ್ಲಿ 4.9. ಕಡಿಮೆ ಸವೆಯೋಕೆ ಅರ್ಧ ಕಾರಣ ಗಾಳಿ, ಇನ್ನರ್ಧ ಸ್ಟೀರಿಂಗ್. ಟೈರು ತಿರುಗಿದ ದಿಕ್ಕಿಗೂ ಕಾರು ಹೋಗುವ ದಿಕ್ಕಿಗೂ ನಡುವಿನ ಕೋನವೇ ಸ್ಲಿಪ್ ಆ್ಯಂಗಲ್. ಅದು ಹೆಚ್ಚಾದ ಹಾಗೆ ಹಿಡಿತ ಹೆಚ್ಚುತ್ತದೆ, ಒಂದು ಹಂತದವರೆಗೆ. ಆಮೇಲೆ ಸ್ಟೀರಿಂಗ್ ಇನ್ನೂ ತಿರುಗಿಸಿದರೆ ಹಿಡಿತ ಬರಲ್ಲ, ಬಿಸಿ ಮಾತ್ರ ಬರುತ್ತೆ. ಟೈರು ಅದನ್ನು ಬಾಯಿಬಿಟ್ಟು ಹೇಳುತ್ತದೆ. ಸಣ್ಣಗೆ ಗೊಣಗುತ್ತಿದ್ದರೆ ಕೆಲಸ ಮಾಡ್ತಿದೆ, ಕಿರುಚಿದರೆ ಸಾಕು ಅಂತಿದೆ. ಮುಂಭಾಗ ಹೊರಗೆ ಜಾರಿದರೆ ಸ್ಟೀರಿಂಗ್ ಇನ್ನೂ ಎಳೆಯೋ ಬದಲು ಆ್ಯಕ್ಸಿಲರೇಟರ್ ಸ್ವಲ್ಪ ಬಿಡಬೇಕು. ಬ್ರೇಕನ್ನು ನೇರ ದಾರಿಯಲ್ಲೇ ಮುಗಿಸಬೇಕು. ಹೀಗೆ ಓಡಿಸಿದ ಎರಡನೆಯವನೇ ಮೊದಲನೆಯವನಿಗಿಂತ ಬೇಗ ಸುತ್ತಿದ್ದು.

ಆದರೂ ಲೆಕ್ಕ ನೋಡಿ. ಹನ್ನೆರಡು ಸುತ್ತು, ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ, 0.7 ಮಿ.ಮೀ. ಹೋಯಿತು. ರಸ್ತೆಯಲ್ಲಿ ಆ ಟೈರು 40 ಸಾವಿರ ಕಿ.ಮೀ. ಬಾಳುತ್ತದೆ ಅಂದುಕೊಂಡರೆ, 0.7 ಮಿ.ಮೀ. ಅಂದರೆ ನಾಲ್ಕು ಸಾವಿರಕ್ಕೂ ಹೆಚ್ಚು ಕಿ.ಮೀ. ಹುಲ್ಲಹಳ್ಳಿಯಿಂದ ಮೈಸೂರಿಗೆ ಐವತ್ತು ಸಲ ಹೋಗಿ ಬರುವಷ್ಟು. ಆ ಅಂಕಿ ಬರೆದಾಗ ಯಾರೂ ಮಾತಾಡಲಿಲ್ಲ.

ಮಧ್ಯಾಹ್ನ ಎತ್ತು ಬದಲಾಯಿಸಿದೆವು. ಸ್ಟೆಪ್ನಿಯನ್ನು ನಡುವೆ ನಿಲ್ಲಿಸಿಕೊಂಡು ಎಡ ಮುಂದಿನದನ್ನು ಎಡ ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ. ಮೂರನೆಯವನು ಸುತ್ತಿ ಬಂದ. ಅಳತೆ 5.6, ಗೆರೆಗಿಂತ ಬಹಳ ಮೇಲೆ. ಆದರೆ ಹೊರ ಅಂಚಿನ ಒಂದು ಬಟನ್ನಿನಲ್ಲಿ ಉಗುರಿನಷ್ಟು ರಬ್ಬರ್ ಚೂರು ಕಿತ್ತು ಬಂದಿತ್ತು. ಬಟನ್ ಎತ್ತರ ಇದ್ದಷ್ಟೂ ಅದು ಹೆಚ್ಚು ಬಾಗುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಅದಕ್ಕೇ ಒಣ ಟ್ರ್ಯಾಕಿಗೆ ಅರ್ಧ ಸವೆದ ಟೈರೇ ಹೊಸದಕ್ಕಿಂತ ವಾಸಿ. ಜೊತೆಗೆ ವಯಸ್ಸಾದ ರಬ್ಬರ್ ಗಟ್ಟಿಯಾಗಿರುತ್ತದೆ, ಹಿಗ್ಗುವ ಬದಲು ಹರಿಯುತ್ತದೆ.

ನಾಲ್ಕನೇ ಸೆಷನ್ ಬಾಕಿ ಇತ್ತು. ಸರದಿ ಹುಲ್ಲಹಳ್ಳಿಯವನದು. ಕಾರು ಅವನದ್ದು, ಹೊರಟದ್ದೇ ಅವನ ಆಸೆಯಿಂದ, 'ಮೊದಲು ನೀವು ಓಡ್ಸಿ' ಅಂತ ಕೊನೆಗೆ ನಿಂತವನೂ ಅವನೇ. ಆಳದ ಲೆಕ್ಕ ಹೋಗು ಅನ್ನುತ್ತಿತ್ತು. ಅವನು ಆ ಕಿತ್ತ ಜಾಗದ ಮೇಲೆ ಹೆಬ್ಬೆರಳು ಆಡಿಸಿ, ಹೆಲ್ಮೆಟ್ ತೆಗೆದು ಡಿಕ್ಕಿಯಲ್ಲಿಟ್ಟ. "ಬಿಡ್ರೋ, ಘಾಟಿ ಇಳ್ಯೋದು ಏರೋದು ಇನ್ನೂ ಇದೆ. ನಾನು ಮನೆಗೆ ಓಡಿಸ್ತೀನಿ." ನಾವು ಮೂವರೂ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡೋ ಹಕ್ಕು ಓಡಿಸಿ ಮುಗಿಸಿದವರಿಗೆ ಇರಲಿಲ್ಲ ಅನ್ನಿ.

ಹೊರಡೋ ಮುಂಚೆ ಇನ್ನೊಂದು ಕೆಲಸ ಇದೆ, ಇದನ್ನು ಯಾರೂ ಮರೆಯಬೇಡಿ. ಬಿಸಿಯಲ್ಲಿ 35ಕ್ಕೆ ಇಳಿಸಿದ ಗಾಳಿ ತಣ್ಣಗಾದ ಮೇಲೆ 28ಕ್ಕೆ ಬರುತ್ತದೆ. ಅದೇ ಲೆಕ್ಕ, ತಿರುಗಿಸಿ ಮಾಡಿ ನೋಡಿ. ನಾಲ್ಕು ಜನ, ಲಗೇಜು, ಹೆದ್ದಾರಿ ವೇಗ, 28 ಪಿಎಸ್‌ಐ ಅಂದರೆ ಪಕ್ಕದ ಗೋಡೆ ಮಡಚಿ ಮಡಚಿ ಕಾಯುತ್ತದೆ. ಟೈರು ಆರಲು ಬಿಟ್ಟು, ಕಾರಿನ ಪಂಪಿನಲ್ಲಿ ಮತ್ತೆ 32ಕ್ಕೆ ತುಂಬಿಸಿ, ವೀಲ್ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿದೆವು. ಕಿತ್ತ ಟೈರನ್ನು ಸ್ಟೆಪ್ನಿ ಜಾಗಕ್ಕೆ ಹಾಕಿ, ಸ್ಟೆಪ್ನಿಯನ್ನು ಇಳಿಸಿದೆವು.

ಸತ್ಯಮಂಗಲ ದಾಟಿ, ಬಣ್ಣಾರಿಯಿಂದ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಅವನು ಒಂದು ಸಲವೂ ಟೈರಿನ ದನಿ ಕೇಳಿಸದ ಹಾಗೆ ಏರಿಸಿದ. ಹಾಸನೂರಿನ ಹತ್ತಿರ ಮಳೆ ಸಿಕ್ಕಿತು. ಹಿಂದಿನ ಸೀಟಲ್ಲಿದ್ದವರಿಗೆ ನಿದ್ದೆ ಬಂತು. ಇಡೀ ದಿನದಲ್ಲಿ ಚೆನ್ನಾಗಿ ಓಡಿಸಿದವರು ಯಾರು ಅಂತ ಕೇಳಿದರೆ ನಾವು ಮೂವರೂ ಈಗ ಅವನ ಹೆಸರೇ ಹೇಳೋದು.

ಮುಂದಿನ ಸಲ ಹೋಗುವವರಿಗೆ ನಮ್ಮ ಅಳತೆಯ ನೋಟ್‌ಬುಕ್ ಕೊಡುತ್ತೇವೆ. ವರ್ನಿಯರ್, ಗೇಜು, ಪಂಪು, ಒಂದು ಡಬ್ಬಿ ಸೀಮೆಸುಣ್ಣ, ಇಷ್ಟಿದ್ದರೆ ಸಾಕು. ಆದರೆ ಎಷ್ಟು ಮಿಲಿಮೀಟರ್ ಖರ್ಚು ಮಾಡಬಹುದು ಅನ್ನೋದನ್ನು ಮನೆಯಲ್ಲಿ ಕೇಳಿಕೊಂಡು ಬನ್ನಿ. ಆ ಅಂಕಿ ಯಾವ ಪುಸ್ತಕದಲ್ಲೂ ಇರೋದಿಲ್ಲ. ಮತ್ತೆ ನಾಲ್ಕು ಜನ ಹೋದರೆ, ಕಾರು ಯಾರದ್ದೋ ಅವರ ಸರದಿ ಮೊದಲು ಇಡಿ.